ಮಂಗನ ಅಂತ್ಯಕ್ರಿಯೆಗೆ 4 ಕಾಲಂ

"ಅಕ್ಕಾರ, ಪೇಪರ್ ಓದಾಕ ಫೂಟ್‌ಪಟ್ಟಿ ಯಾಕ ಬೇಕ್ರೀ?"

ಗ್ರಂಥಾಲಯದ ಕಾಕಾ ಹೀಗೆ ಕೇಳಿದ್ದು ಮೂರನೇ ದಿನ. ಮೊದಲ ಎರಡು ದಿನ ಸುಮ್ನೆ ದೂರದಿಂದ ನೋಡಿದ್ದರು. ನಾನು ನೆಲಕ್ಕೆ ಚಾಪೆ ಹಾಸಿಕೊಂಡು, ಹುರಿ ಕಟ್ಟಿದ ಪೇಪರ್ ಗಂಟು ಬಿಚ್ಚಿ, ಒಂದೊಂದು ಸುದ್ದಿಯ ಮೇಲೂ ಸ್ಟೀಲ್ ಸ್ಕೇಲ್ ಇಟ್ಟು ಅಳೆಯುತ್ತಿದ್ದೆ. ಅಳೆದದ್ದನ್ನು ಪಕ್ಕದ ಹಾಳೆಯಲ್ಲಿ ಬರೆಯುತ್ತಿದ್ದೆ. ಧೂಳಿಗೆ ಮೂಗು ಸೋರುತ್ತಿತ್ತು.

"ಪಿಎಚ್‌.ಡಿ. ಮಾಡಾಕತ್ತೀನಿ ಕಾಕಾ. ಯಾವ ಸುದ್ದಿಗೆ ಎಷ್ಟು ಜಾಗ ಕೊಟ್ಟಾರ ಅಂತ ಅಳಿಯೂದು."

"ಅಳದು ಏನ್ ಮಾಡ್ತೀರಿ?"

"ಪೇಪರ್‌ನವರಿಗೆ ಯಾವ ಸುದ್ದಿ ದೊಡ್ಡದು, ಯಾವುದು ಸಣ್ಣದು ಅಂತ ಗೊತ್ತಾಗ್ತದ."

ಕಾಕಾ ಸ್ವಲ್ಪ ಹೊತ್ತು ನಿಂತರು. "ಅವರನ್ನ ಕೇಳಿದ್ರ ಮುಗೀತಲ್ರೀ?" ಅಂದು, ಚಹಾ ತರೋಕೆ ಹೋದರು.

ಆ ಪ್ರಶ್ನೆಗೆ ನನ್ನ ಪ್ರಬಂಧದ ಮೂರನೇ ಅಧ್ಯಾಯದಲ್ಲಿ 22 ಪುಟ ಉತ್ತರ ಬರೆದಿದ್ದೇನೆ. ಆದರೆ ಕಾಕಾನ ಮುಂದೆ ನಿಂತು ಹೇಳೋಕೆ ಆಗುವಂಥ ಉತ್ತರ ಅದರಲ್ಲಿ ಒಂದೂ ಇಲ್ಲ. ಇನ್ನೂ ಮಜಾ ಅಂದರೆ, ಕಾಕಾ ಹೇಳಿದ ಆ "ಅವರು" ನಾನೇ ಆಗಿದ್ದೆ.

2004ರಿಂದ ಒಂಬತ್ತು ವರ್ಷ ಹುಬ್ಬಳ್ಳಿಯಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಸಬ್ ಎಡಿಟರ್. ಸಂಜೆ 5ಕ್ಕೆ ಹೋದರೆ ರಾತ್ರಿ 1ರ ಮೇಲೆ ಆಫೀಸ್ ಗಾಡಿ ಓಣಿಯ ತುದಿಗೆ ಬಿಡುತ್ತಿತ್ತು. ಓಣಿಯ ನಾಯಿಗಳಿಗೆಲ್ಲ ನನ್ನ ಗುರುತಿತ್ತು, ಮನುಷ್ಯರಲ್ಲಿ ಬಹಳ ಜನಕ್ಕೆ ಇರಲಿಲ್ಲ. ಹಾವೇರಿ ಜಿಲ್ಲೆಯ ನಾಲ್ಕು ಪುಟ ನನ್ನ ಪಾಲಿಗೆ ಬಂದಿದ್ದವು. ಪೇಪರಿನ ಉಳಿದ ಪುಟ ಎಲ್ಲ ಕಡೆಗೂ ಒಂದೇ. ಮಧ್ಯದಲ್ಲಿ ಬರುವ ಈ ನಾಲ್ಕು ಪುಟ ಮಾತ್ರ ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಸವಣೂರು, ಶಿಗ್ಗಾವಿ, ಬ್ಯಾಡಗಿ, ಹಿರೇಕೆರೂರು, ರಾಣೆಬೆನ್ನೂರು ಕಡೆಯಿಂದ ಅಲ್ಲಲ್ಲಿನ ಅರೆಕಾಲಿಕ ವರದಿಗಾರರು, ಅಂದರೆ ಸ್ಟ್ರಿಂಗರ್‌ಗಳು ಕಾಪಿ ಕಳಿಸುತ್ತಿದ್ದರು. ಅದನ್ನು ತಿದ್ದಿ, ಹೆಡ್ಡಿಂಗ್ ಕೊಟ್ಟು, ಪುಟ ಕಟ್ಟಿಸಿ, 11:15ಕ್ಕೆ ಪ್ರೆಸ್ಸಿಗೆ ಬಿಡೋದು ನನ್ನ ಕೆಲಸ. ಹೆಚ್ಚಿನ ಓದುಗರು ಮೊದಲು ತೆರೆಯೋದು ಆ ಪುಟವನ್ನೇ ಅಂತ ನಮ್ಮ ಏಜೆಂಟರು ಹೇಳುತ್ತಿದ್ದರು. ತಮ್ಮೂರಿನ ಹೆಸರು ಬಂದಿದೆಯಾ, ಯಾರು ತೀರಿಕೊಂಡರು, ಕರೆಂಟ್ ಯಾವಾಗ ತೆಗೀತಾರೆ. ಅಷ್ಟಕ್ಕೇ ಪೇಪರ್ ಹಾಕಿಸಿಕೊಳ್ಳುವವರೂ ಇದ್ದರು.

2013ರಲ್ಲಿ ಬಿಟ್ಟೆ. ಮಗಳು ಸಣ್ಣವಳು, ರಾತ್ರಿ ಪಾಳಿ ಆಗುತ್ತಿರಲಿಲ್ಲ. ಒಂದು ಡಿಗ್ರಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡೋಕೆ ಸೇರಿಕೊಂಡೆ. ಸೇರಿದ ಮೇಲೆ ಪಿಎಚ್‌.ಡಿ. ಬೇಕೇ ಬೇಕು ಅಂದರು. 2016ರ ಕೊನೆಗೆ ರಿಜಿಸ್ಟರ್ ಮಾಡಿಸಿದೆ. ವಿಷಯ ಹುಡುಕೋಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಜಿಲ್ಲಾ ಪುಟಗಳಲ್ಲಿ ಹಳ್ಳಿಯ ಸುದ್ದಿ. ನನ್ನದೇ ಅಡುಗೆಮನೆ, ನನಗೆ ಗೊತ್ತಿಲ್ಲದ ಡಬ್ಬಿ ಯಾವುದಿದೆ ಅಂದುಕೊಂಡಿದ್ದೆ.

ಗೈಡ್ ಸರ್ ಮೊದಲ ದಿನವೇ ಹೇಳಿದರು: "ನಿಮಗೆ ಗೊತ್ತಿರೋದನ್ನ ಬರೀಬೇಡಿ ಮೇಡಂ. ಎಣಿಸಿದ್ದನ್ನ ಬರೀರಿ."

ಎಣಿಸೋ ವಿಧಾನಕ್ಕೆ ವಿಷಯ ವಿಶ್ಲೇಷಣೆ ಅಂತ ಹೆಸರು. ಬರ್ನಾರ್ಡ್ ಬೆರೆಲ್ಸನ್ ಅನ್ನುವ ಅಮೆರಿಕದ ವಿದ್ವಾಂಸ 1952ರಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟ. ಮೇಲ್ನೋಟಕ್ಕೆ ಕಾಣೋದನ್ನು ಮಾತ್ರ, ಯಾರು ಎಣಿಸಿದರೂ ಒಂದೇ ಲೆಕ್ಕ ಬರುವ ಹಾಗೆ, ಕ್ರಮವಾಗಿ ಎಣಿಸಬೇಕು ಅನ್ನೋದು ಅದರ ತಿರುಳು. ಪೇಪರಿನ ಮಟ್ಟಿಗೆ ಅದು ಬಂದು ನಿಲ್ಲೋದು ಕಾಲಂ ಸೆಂಟಿಮೀಟರಿಗೆ. ಸುದ್ದಿ ಎಷ್ಟು ಕಾಲಂ ಅಗಲ, ಎಷ್ಟು ಸೆಂಟಿಮೀಟರ್ ಉದ್ದ, ಎರಡನ್ನೂ ಗುಣಿಸಿ. ಜಾಗ ಜಾಸ್ತಿ ಸಿಕ್ಕಿದ್ದರೆ ಅದು ಮುಖ್ಯ ಸುದ್ದಿ. ಮುಖಪುಟದಲ್ಲಿದ್ದರೆ ಇನ್ನೂ ಮುಖ್ಯ, ಫೋಟೊ ಇದ್ದರೆ ಇನ್ನೂ. ಜಾಹೀರಾತು ವಿಭಾಗದವರೂ ಅಳೆಯೋದು ಹೀಗೇ. ಅವರು ಅಳೆದು ಬಿಲ್ ಹಾಕ್ತಾರೆ, ನಾವು ಅಳೆದು ಅಧ್ಯಾಯ ಬರೀತೇವೆ.

ಯಾವ ದಿನಗಳ ಪೇಪರ್ ಅಳೆಯೋದು ಅನ್ನೋದಕ್ಕೂ ಒಂದು ಲೆಕ್ಕ ಇದೆ. ನಾನು ಸುಲಭ ಆಗಲಿ ಅಂತ ಪ್ರತಿ ವಾರದ ಮೊದಲ ದಿನ, ಅಂದರೆ ಸೋಮವಾರದ್ದು ತಗೊಳ್ತೀನಿ ಅಂದೆ. ಗೈಡ್ ಸರ್ ನಕ್ಕರು. "ನೀವು ಡೆಸ್ಕಿನಲ್ಲಿ ಇದ್ದವರು, ನೀವೇ ಹೀಗಂದ್ರೆ?" ಅಂದರು. ನಾಚಿಕೆಯಾಯ್ತು. ಸೋಮವಾರದ ಪೇಪರಿನ ಕಷ್ಟ ನನಗೆ ಗೊತ್ತಿಲ್ವಾ? ಭಾನುವಾರ ಆಫೀಸುಗಳಿಲ್ಲ, ಕೋರ್ಟಿಲ್ಲ, ಮೀಟಿಂಗಿಲ್ಲ, ಸುದ್ದಿ ಎಲ್ಲಿಂದ ಬರಬೇಕು? ಮದುವೆ, ಸನ್ಮಾನ, ಪುಸ್ತಕ ಬಿಡುಗಡೆ, ರಕ್ತದಾನ ಶಿಬಿರ. ಬರೀ ಸೋಮವಾರದ ಪೇಪರ್ ಅಳೆದರೆ ಹಾವೇರಿ ಜಿಲ್ಲೆಯಲ್ಲಿ ಜನ ಸನ್ಮಾನ ಮಾಡಿಸಿಕೊಳ್ಳೋದು ಬಿಟ್ಟು ಬೇರೇನೂ ಮಾಡಲ್ಲ ಅಂತ ತೀರ್ಮಾನ ಬರೆಯಬೇಕಾಗುತ್ತದೆ. ಅದಕ್ಕೇ ಕಟ್ಟಿದ ವಾರ ಅಂತ ಮಾಡ್ತಾರೆ. ವರ್ಷದ ಎಲ್ಲ ಸೋಮವಾರಗಳಲ್ಲಿ ಚೀಟಿ ಎತ್ತಿ ಒಂದು, ಎಲ್ಲ ಮಂಗಳವಾರಗಳಲ್ಲಿ ಒಂದು, ಹೀಗೆ ಏಳು ದಿನ ಸೇರಿಸಿ ಕೈಯಿಂದ ಕಟ್ಟಿದ ಒಂದು ವಾರ. 1993ರಲ್ಲಿ ಡ್ಯಾನಿಯಲ್ ರಿಫ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದ್ದು, ಇಂಥ ಎರಡು ವಾರ ಇದ್ದರೆ ಒಂದು ದಿನಪತ್ರಿಕೆಯ ಇಡೀ ವರ್ಷದ ಅಂದಾಜು ಸಿಗುತ್ತದೆ ಅಂತ. 365 ಪೇಪರ್ ಬದಲು 14. ಅವರಿಗೆ ನೂರು ನಮಸ್ಕಾರ.

ಆದರೆ 14 ಸಿಗಬೇಕಲ್ಲ.

ನಾನು ಹೋದ ದೊಡ್ಡ ಗ್ರಂಥಾಲಯಗಳಲ್ಲೆಲ್ಲ ಹಳೇ ಪೇಪರ್ ಬೈಂಡ್ ಮಾಡಿ ಇಟ್ಟಿದ್ದರು. ತೆಗೆದು ನೋಡಿದರೆ ಬೆಂಗಳೂರು ಆವೃತ್ತಿ. ಬೆಂಗಳೂರಿನಲ್ಲಿ ಕೂತವರಿಗೆ ಹಾವೇರಿ ಪುಟ ಬರೋದೇ ಇಲ್ಲ, ಅವರು ಇಡೋದೆಲ್ಲಿಂದ? ನಮ್ಮ ಹಳೇ ಆಫೀಸಿನಲ್ಲಿ ಕೇಳಿದೆ. ಗೋಡೌನ್ ಬದಲಿಸುವಾಗ ಜಿಲ್ಲಾ ಪುಟಗಳ ಫೈಲು ಹೋದವು ಅಂದರು. ಕಂಪ್ಯೂಟರಿನಲ್ಲಿ ಕೆಲವು ಪುಟಗಳ ಪಿಡಿಎಫ್ ಉಳಿದಿದ್ದವು. ಅವೆಲ್ಲ ಯೂನಿಕೋಡ್ ಬರೋಕೆ ಮುಂಚಿನ ಫಾಂಟಿನವು. ಕಣ್ಣಿಗೆ ಚಂದದ ಕನ್ನಡ, ಆದರೆ "ಶಾಲೆ" ಅಂತ ಹುಡುಕಿದರೆ ಸಿಗಲ್ಲ. ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ತಲೆ ಮೇಲೆ ಕೊಂಬು ಬಂದ ಇಂಗ್ಲಿಷ್ ಅಕ್ಷರಗಳ ಸಂತೆ.

ಕೊನೆಗೆ ಸಿಕ್ಕಿದ್ದು ಕಾಕಾನ ಹತ್ತಿರ, ನಮ್ಮ ಕಡೆಯ ಒಂದು ಸಣ್ಣ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ. ಹಳೇ ಪೇಪರನ್ನು ಆಗಾಗ ಹರಾಜು ಹಾಕಿ ರದ್ದಿಗೆ ಕೊಡಬೇಕು. ಇಲ್ಲಿ ಯಾವುದೋ ಸಹಿ ಬಾಕಿ ಇದ್ದು ವರ್ಷಗಟ್ಟಲೆ ಹರಾಜೇ ಆಗಿರಲಿಲ್ಲ. "ಹರಾಜ್ ಆಗಿಲ್ರಿ, ಅದಕ್ಕ ಉಳದಾವು," ಅಂತ ಕಾಕಾ ತಪ್ಪು ಒಪ್ಪಿಕೊಳ್ಳುವವರ ಹಾಗೆ ಹೇಳಿದರು. ನಾನು ಅವರ ಕಾಲಿಗೆ ಬೀಳೋದೊಂದು ಬಾಕಿ.

ಇದನ್ನು ಯೋಚಿಸಿದರೆ ವಿಚಿತ್ರ ಅನ್ನಿಸುತ್ತದೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ್ದು. ಅದಕ್ಕೇ ನಾವು ಜುಲೈ 1ನ್ನು ಪತ್ರಿಕಾ ದಿನ ಅಂತ ಮಾಡೋದು. ಅದರ ಸಂಚಿಕೆಗಳು ಉಳಿದಿವೆ. ಶ್ರೀನಿವಾಸ ಹಾವನೂರರಂಥವರು ಮಿಶನ್ನಿನ ಕಾಗದಪತ್ರ ಜಾಲಾಡಿ ಆ ಕಾಲದ ಪತ್ರಿಕೆಗಳ ಬಗ್ಗೆ ವಿವರವಾಗಿ ಬರೆದಿದ್ದಾರೆ. ನೂರೆಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದಿನ ಪತ್ರಿಕೆ ನಾನು ಕೂತಲ್ಲಿ ಓದಬಲ್ಲೆ. 2009ರಲ್ಲಿ ನಾನೇ ಕಟ್ಟಿದ ಹಾವೇರಿ ಪುಟ ಓದೋಕೆ ಹರಾಜು ಆಗದೆ ಉಳಿಯಬೇಕಾಯ್ತು.

ಆ ಗಂಟಿನಲ್ಲೇ ಮಂಗ ಸಿಕ್ಕಿದ್ದು.

ಚೀಟಿಯಲ್ಲಿ ಎದ್ದ ದಿನ 2009ರ ಒಂದು ಗುರುವಾರ. ಜಿಲ್ಲಾ ಮುಖಪುಟದ ಕೆಳಗಡೆ 4 ಕಾಲಂ ಸುದ್ದಿ, ದೊಡ್ಡ ಫೋಟೊ. ಸವಣೂರು ಕಡೆಯ ಹಳ್ಳಿಯಲ್ಲಿ ಕರೆಂಟ್ ತಂತಿ ತಗುಲಿ ಸತ್ತ ಮಂಗನಿಗೆ ಊರವರೆಲ್ಲ ಸೇರಿ ಅಂತ್ಯಕ್ರಿಯೆ ಮಾಡಿದ್ದು. ಹೂವಿನ ಹಾರ, ಕೇಸರಿ ಶಾಲು, ಭಜನೆ, ಹನುಮಂತದೇವರ ಗುಡಿ ಪಕ್ಕ ಸಮಾಧಿ. ನಮ್ಮ ಕಡೆ ಜಿಲ್ಲಾ ಪುಟ ಮಾಡಿದವರಿಗೆ ಈ ಸುದ್ದಿ ಹೊಸದಲ್ಲ, ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಅಳೆದೆ. 4 ಕಾಲಂ, 25 ಸೆಂಟಿಮೀಟರ್. 100 ಕಾಲಂ ಸೆಂಟಿಮೀಟರ್ ಸರಿಯಾಗಿ. ಹಾಳೆಯಲ್ಲಿ ತುಂಬಿದೆ: ವಿಷಯ, ಧರ್ಮ ಮತ್ತು ಆಚರಣೆ. ಸ್ಥಾನ, ಮುಖಪುಟ. ಫೋಟೊ, ಇದೆ. ಪ್ರಾಮುಖ್ಯ, ಅತಿ ಹೆಚ್ಚು.

ಗೈಡ್ ಸರ್ ಹಾಳೆ ನೋಡಿ ಖುಷಿಯಾದರು. "ನೋಡಿ, ಆಚರಣೆಯ ಸುದ್ದಿಗೆ ಪತ್ರಿಕೆ ಕೊಡೋ ಆದ್ಯತೆ. ಇದನ್ನ ಚರ್ಚೆಗೆ ತಗೋಬೇಕು."

ನನಗೆ ಮಾತು ಬರಲಿಲ್ಲ. ಆ ಪುಟ ಕಟ್ಟಿಸಿದವಳು ನಾನು. ಆ ರಾತ್ರಿ ನನಗೆ ನೆನಪಿದೆ. ಜಿಲ್ಲಾ ಮುಖಪುಟದ ಕೆಳಗಡೆ ಒಂದು ಬಂಗಾರದಂಗಡಿಯ ಜಾಹೀರಾತಿತ್ತು, 4 ಕಾಲಂ, 25 ಸೆಂಟಿಮೀಟರ್. ರಾತ್ರಿ 10:40ಕ್ಕೆ ಜಾಹೀರಾತಿನವರ ಫೋನ್ ಬಂತು. "ಮೇಡಂ, ಬಂಗಾರದಂಗಡಿ ಆ್ಯಡ್ ತೆಗೀರಿ. ಆರ್‌ಒ ಬರಲಿಲ್ಲ." ಆರ್‌ಒ ಅಂದರೆ ರಿಲೀಸ್ ಆರ್ಡರ್, ಜಾಹೀರಾತು ಹಾಕಿ ಅಂತ ಬರುವ ಲಿಖಿತ ಆದೇಶ. ಪುಟ ಬಿಡೋಕೆ 35 ನಿಮಿಷ ಇತ್ತು. ಪೇಜ್ ಮಾಡುವ ಹುಡುಗ ಜಾಹೀರಾತು ಕಿತ್ತ. ಪರದೆ ಮೇಲೆ ಹಲ್ಲು ಬಿದ್ದ ಬಾಯಿಯ ಹಾಗೆ ಅಷ್ಟು ದೊಡ್ಡ ಬಿಳಿ ಜಾಗ. ಸ್ಟಾಕ್ ಅಂತ ಒಂದು ಫೋಲ್ಡರ್ ಇರುತ್ತದೆ, ಅದನ್ನು ತೆರೆದೆ. ಮೂರು ಇದ್ದವು. ಒಂದು ಸಾಮೂಹಿಕ ವಿವಾಹದ ಪೂರ್ವಸಿದ್ಧತೆ. ಒಂದು ಹಿರೇಕೆರೂರು ಕಡೆಯ ಶಾಲೆ ಸೋರುತ್ತದೆ, ಮಕ್ಕಳು ಗುಡಿಯ ಕಟ್ಟೆ ಮೇಲೆ ಕೂರುತ್ತಾರೆ ಅಂತ, ಫೋಟೊ ಇಲ್ಲ. ಇನ್ನೊಂದು ಮಂಗ, ಮೂರು ಫೋಟೊ, ಮೂರೂ ಸ್ಪಷ್ಟ. ಮಂಗನನ್ನು ಎತ್ತಿ, ಫೋಟೊ ದೊಡ್ಡದು ಮಾಡಿ, 4 ಕಾಲಂ ಹಿಗ್ಗಿಸಿ, "ವಾನರನಿಗೆ ಕಂಬನಿಯ ವಿದಾಯ" ಅಂತ ಹೆಡ್ಡಿಂಗ್ ಕೊಟ್ಟು ಪುಟ ಬಿಟ್ಟೆ. 11:17.

ಇದೆಲ್ಲ ಗೈಡ್ ಸರ್‌ಗೆ ಹೇಳಿದೆ. ಆಚರಣೆಗೆ ಆದ್ಯತೆಯೂ ಇಲ್ಲ, ಏನೂ ಇಲ್ಲ ಸರ್, ಆರ್‌ಒ ಬರಲಿಲ್ಲ ಅಷ್ಟೇ. ನಿಮ್ಮ ಸ್ಕೇಲಿಗೆ ಇದು ಹೇಗೆ ಕಾಣಬೇಕು ಅಂತ ಸ್ವಲ್ಪ ಗರ್ವದಿಂದಲೇ ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಶಾಲೆ ಸುದ್ದಿ ಯಾಕೆ ತಗೊಳ್ಳಲಿಲ್ಲ?"

"ಫೋಟೊ ಇರಲಿಲ್ಲ ಸರ್."

"ಮಂಗಕ್ಕೆ ಮೂರು ಫೋಟೊ ತೆಗೆದವರು ಶಾಲೆಗೆ ಯಾಕೆ ಒಂದೂ ತೆಗೀಲಿಲ್ಲ?"

ಅವರಿಬ್ಬರೂ ಬೇರೆ ಬೇರೆ ಸ್ಟ್ರಿಂಗರ್, ಬೇರೆ ತಾಲ್ಲೂಕು ಅಂತ ಬಾಯಿಗೆ ಬಂತು. ಹೇಳಲಿಲ್ಲ. ಅವರು ಕೇಳಿದ್ದು ಅದನ್ನಲ್ಲ ಅಂತ ಗೊತ್ತಿತ್ತು. ಮಂಗನ ಸುದ್ದಿಗೆ ಫೋಟೊ ಬೇಕೇ ಬೇಕು ಅಂತ ಜಿಲ್ಲೆಯ ಎಲ್ಲ ಸ್ಟ್ರಿಂಗರ್‌ಗೂ ಗೊತ್ತು. ಶಾಲೆ ಸೋರುವ ಸುದ್ದಿಗೆ ಫೋಟೊ ಕಳಿಸಿದರೂ ಸಿಂಗಲ್ ಕಾಲಮ್ಮೇ ಅಂತಲೂ ಗೊತ್ತು. ಅವರಿಗೆ ಇದನ್ನು ಕಲಿಸಿದವರು ಯಾರು? ದಿನಾ ಪುಟ ಕಟ್ಟುತ್ತಿದ್ದ ನನ್ನಂಥವರು. ಆ ಶಾಲೆ ಸುದ್ದಿ ಮರುದಿನವೂ ಜಾಗ ಸಿಗದೆ ಹಳತಾಯ್ತು. ಪ್ರಿಂಟೇ ಆಗಲಿಲ್ಲ. ಆಗದ ಸುದ್ದಿ ಮೇಲೆ ಸ್ಕೇಲ್ ಇಡೋದು ಹೇಗೆ?

ಆ ರಾತ್ರಿ ಮಿಸ್ಟರ್ ಗೇಟ್ಸ್ ಬಗ್ಗೆ ಎರಡನೇ ಸಲ ಓದಿದೆ. ಎಂ.ಎ. ಓದುವಾಗ ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿ ಉರು ಹೊಡೆದಿದ್ದೆ. ಈ ಸಲ ನಗುತ್ತಾ ಓದಿದೆ. ಡೇವಿಡ್ ಮ್ಯಾನಿಂಗ್ ವೈಟ್ ಅನ್ನುವವರು 1949ರ ಫೆಬ್ರುವರಿಯಲ್ಲಿ ಅಮೆರಿಕದ ಒಂದು ಊರಿನ ಪತ್ರಿಕೆಯಲ್ಲಿ ಸುದ್ದಿಸಂಸ್ಥೆಗಳ ಸುದ್ದಿ ಆರಿಸುವ ಟೆಲಿಗ್ರಾಫ್ ಎಡಿಟರನ್ನು ಹಿಡಿದರು. ಮಿಸ್ಟರ್ ಗೇಟ್ಸ್ ಅನ್ನೋದು ಆತನಿಗೆ ಅವರು ಇಟ್ಟ ಹೆಸರು. ಲಕ್ಷ ಜನರ ಊರು, 30 ಸಾವಿರ ಪ್ರಸಾರದ ಬೆಳಗಿನ ಪತ್ರಿಕೆ. ನಮ್ಮ ಜಿಲ್ಲಾ ಕೇಂದ್ರದಷ್ಟೇ ಅಂದುಕೊಳ್ಳಿ. ಆತನಿಗೆ ಹೇಳಿದ್ದು ಇಷ್ಟೇ. ಒಂದು ವಾರ ನೀನು ಬಿಸಾಕುವ ಸುದ್ದಿಯನ್ನೆಲ್ಲ ಎತ್ತಿಡು, ಕೆಲಸ ಮುಗಿದ ಮೇಲೆ ಒಂದೊಂದರ ಮೇಲೂ ಯಾಕೆ ಬಿಸಾಕಿದೆ ಅಂತ ಬರೆ. ಪುಣ್ಯಾತ್ಮ ಬರೆದ. ಸುದ್ದಿಸಂಸ್ಥೆಗಳಿಂದ ಬಂದಿದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಸದಬುಟ್ಟಿಗೆ ಹೋಗಿತ್ತು. ಕಾರಣಗಳು? ಆತ್ಮಹತ್ಯೆ ಸುದ್ದಿ ನನಗೆ ಆಗಲ್ಲ. ಇವನು ಕಮ್ಯುನಿಸ್ಟ್ ಜಾಸ್ತಿ. ಇದು ಬರೀ ಪ್ರಚಾರ. ರಾತ್ರಿ ಏರಿದ ಹಾಗೆ ಕಾರಣಗಳು ಒಂದೇ ಆಗುತ್ತಾ ಬರುತ್ತವೆ: ಜಾಗ ಇಲ್ಲ, ಜಾಗ ಇಲ್ಲ, ಜಾಗ ಇಲ್ಲ. ಇದನ್ನು ಓದಿ ನನ್ನ ಕಣ್ಣಲ್ಲಿ ನೀರು ಬಂತು, ನಗುವಿನದು.

ಯಾವ ಸುದ್ದಿ ಒಳಗೆ, ಯಾವುದು ಹೊರಗೆ ಅಂತ ನಿರ್ಧರಿಸುವವನಿಗೆ ಹೇಳುವ ಗೇಟ್ ಕಾಯುವವನು ಅನ್ನುವ ಮಾತು ಸುದ್ದಿಮನೆಯಲ್ಲಿ ಹುಟ್ಟಿದ್ದಲ್ಲ. ಕುರ್ಟ್ ಲೆವಿನ್ ಅನ್ನುವ ಮನಶ್ಶಾಸ್ತ್ರಜ್ಞ ಎರಡನೇ ಮಹಾಯುದ್ಧದ ಕಾಲದಲ್ಲಿ ಜನರ ಊಟದ ರೂಢಿ ನೋಡುತ್ತಿದ್ದರು. ಅಂಗಡಿಯಿಂದ, ತೋಟದಿಂದ ತಟ್ಟೆಗೆ ಬರೋವರೆಗೆ ಯಾವುದು ದಾಟುತ್ತದೆ, ಯಾವುದು ನಿಲ್ಲುತ್ತದೆ, ಗೇಟಿನಲ್ಲಿ ಯಾರಿದ್ದಾರೆ ಅಂತ. ಬಹಳ ಸಲ ಇದ್ದದ್ದು ಮನೆಯ ಗೃಹಿಣಿ. ನನಗೆ ಇದು ಇಷ್ಟವಾಗೋಕೆ ಕಾರಣ ಇದೆ. ನಮ್ಮವ್ವ ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಬಿಟ್ಟ ಬದನೆಕಾಯಿ ಬಗ್ಗೆ ನಾವು ಯಾವತ್ತೂ ಯೋಚಿಸಿದವರಲ್ಲ. ತಟ್ಟೆಗೆ ಬಂದಿದ್ದೇ ಬದನೆಕಾಯಿ ಅಂದುಕೊಂಡಿದ್ದೆವು.

ವೈಟ್ ಬರೆದಿದ್ದರಲ್ಲಿ ಒಂದು ಕೊರತೆ ಇದೆ. ಗೇಟ್ಸ್ ಒಬ್ಬನೇ ಕೂತು ತನ್ನ ಮನಸ್ಸಿಗೆ ಬಂದಂತೆ ಆರಿಸುತ್ತಾನೆ ಅನ್ನಿಸುತ್ತದೆ. ಅದು ಹಾಗಲ್ಲ. 1955ರಲ್ಲಿ ವಾರೆನ್ ಬ್ರೀಡ್ ಸುಮಾರು 120 ಪತ್ರಕರ್ತರನ್ನು ಮಾತಾಡಿಸಿ ಬರೆದಿದ್ದು ನನಗೆ ಇನ್ನೂ ಹತ್ತಿರ. ಪತ್ರಿಕೆಯ ಧೋರಣೆ ಏನು ಅಂತ ಹೊಸಬರಿಗೆ ಯಾರೂ ಹೇಳಿಕೊಡೋದಿಲ್ಲ, ಆದರೂ ಎಲ್ಲರೂ ಕಲಿಯುತ್ತಾರೆ ಅಂತ ಆತ ಹೇಳೋದು. ನನ್ನ ಪಾಠ ನಡೆದದ್ದು ಸೇರಿದ ಎರಡನೇ ತಿಂಗಳು. ಒಂದು ಸಮಾರಂಭದ ವರದಿಯ ಕೊನೆಯಲ್ಲಿ, ಖರ್ಚಿನ ಬಗ್ಗೆ ಜನ ಗೊಣಗಿದರು ಅಂತ ಒಂದು ಸಾಲಿತ್ತು. ಡೆಸ್ಕಿನ ಮುಖ್ಯಸ್ಥರಾದ ಚೀಫ್ ಸಬ್ ಪ್ರಿಂಟ್‌ಔಟ್ ಓದುತ್ತಾ ಆ ಸಾಲಿಗೆ ಒಂದು ಗೆರೆ ಎಳೆದರು. ನನ್ನ ಕಡೆ ನೋಡಲೂ ಇಲ್ಲ. ನಾನೂ ಕೇಳಲಿಲ್ಲ. ಮುಂದಿನ ಸಲ ಅಂಥ ಸಾಲು ಬಂದಾಗ ನಾನೇ ತೆಗೆದೆ. ಒಂದು ವರ್ಷದ ನಂತರ ಸ್ಟ್ರಿಂಗರ್‌ಗಳೇ ಬರೆಯೋದು ಬಿಟ್ಟಿದ್ದರು. ಒಂದು ಗೆರೆ, ಅಷ್ಟೇ.

ಇಷ್ಟು ಓದಿ, ಸ್ಕೇಲು ದಂಡ, ಎಣಿಕೆ ಎಲ್ಲ ಬೊಗಳೆ ಅಂತ ನಾನು ಅಂದುಕೊಂಡೆ ಅಂತ ತಿಳೀಬೇಡಿ. ಸ್ವಲ್ಪ ದಿನ ಅಂದುಕೊಂಡಿದ್ದೆ. ಆಮೇಲೆ ಹೆಸರುಗಳ ಹಾಳೆ ತುಂಬುವಾಗ ಬಾಯಿ ಮುಚ್ಚಿಕೊಂಡೆ.

ಪ್ರತಿ ಸುದ್ದಿಯಲ್ಲೂ ಯಾರ ಮಾತು ಬಂದಿದೆ, ಯಾರ ಹೆಸರಿದೆ, ಗಂಡೋ ಹೆಣ್ಣೋ ಅಂತ ಗುರುತು ಹಾಕೋ ಕಾಲಂ ಇತ್ತು. ಗೈಡ್ ಸರ್ ಹಾಕಿಸಿದ್ದು. ಎರಡನೇ ಕಟ್ಟಿದ ವಾರ ಮುಗಿಯೋ ಹೊತ್ತಿಗೆ ಹಾಳೆಯನ್ನು ದೂರ ಹಿಡಿದು ನೋಡಿದೆ. ಹೆಣ್ಣಿನ ಕಾಲಂ ಖಾಲಿ ಖಾಲಿ. ಎಲ್ಲಿ ಗುರುತಿದೆ ಅಂತ ನೋಡಿದರೆ ಅಪಘಾತ, ವರದಕ್ಷಿಣೆ, ಕಾಣೆಯಾದವರು, ನಿಧನ ವಾರ್ತೆ. ನಿಧನ ವಾರ್ತೆಯಲ್ಲೂ ಹಲವು ಕಡೆ ಇಂಥವರ ಪತ್ನಿ ಅಂತ ಗಂಡನ ಹೆಸರು ಮೊದಲು. ಮಾತಾಡಿದ ಹೆಂಗಸು ಹುಡುಕಿದರೂ ಸಿಗೋದು ಕಷ್ಟ. ಪಂಚಾಯಿತಿ ಅಧ್ಯಕ್ಷೆ ಇದ್ದ ಕಡೆಯೂ ಮಾತು ಅಧ್ಯಕ್ಷೆಯ ಗಂಡನದ್ದೇ ಅಥವಾ ಉಪಾಧ್ಯಕ್ಷರದ್ದು.

ಜಗತ್ತಿನಲ್ಲೆಲ್ಲ ಇದೇ ಕಥೆ. 1995ರಿಂದ ಐದು ವರ್ಷಕ್ಕೊಮ್ಮೆ ಹಲವು ದೇಶಗಳ ಜನ ಒಂದೇ ದಿನದ ಪತ್ರಿಕೆ, ರೇಡಿಯೊ, ಟಿ.ವಿ. ಸುದ್ದಿ ಹಿಡಿದು ಎಣಿಸುವ ಜಾಗತಿಕ ಮಾಧ್ಯಮ ನಿಗಾ ಯೋಜನೆ ಇದೆ. ಮೊದಲ ಸಲ ಸುದ್ದಿಯಲ್ಲಿ ಕಂಡ, ಕೇಳಿದ ಜನರಲ್ಲಿ ಹೆಂಗಸರು ಶೇ 17. 2020ರಲ್ಲಿ ಶೇ 25. ಕಾಲು ಶತಮಾನಕ್ಕೆ ಎಂಟು ಪಾಯಿಂಟು. ಆ ಲೆಕ್ಕ ನನ್ನನ್ನು ಅಷ್ಟೊಂದು ಕಾಡಲಿಲ್ಲ. ಕಾಡಿದ್ದು, ಆ ಖಾಲಿ ಕಾಲಮ್ಮಿನ ಪುಟಗಳನ್ನು ಕಟ್ಟಿದವಳು ಹೆಂಗಸು. ರಾತ್ರಿ ಒಂದು ಗಂಟೆಗೆ ಡೆಸ್ಕಿನಲ್ಲಿ ಹೆಂಗಸು ಕೂತಿರೋದೇ ದೊಡ್ಡ ಬದಲಾವಣೆ ಅಂತ ಮೀಟಿಂಗಿನಲ್ಲಿ ನನ್ನನ್ನು ತೋರಿಸುತ್ತಿದ್ದರು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ನನಗಿದು ಕಾಣಲಿಲ್ಲ. ದಿನಾ ಓದಿದರೂ ಕಾಣದ್ದು ಎಣಿಸಿದಾಗ ಕಂಡಿತು.

ಹೀಗೆ ಎಣಿಸಿ ಕಂಡುಕೊಂಡವರಲ್ಲಿ ಪತ್ರಕರ್ತರೂ ಇದ್ದಾರೆ, ನನಗೆ ಅವರೇ ಇಷ್ಟ. ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮರ್ಜ್ 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ರಷ್ಯಾದ ಕ್ರಾಂತಿಯ ಬಗ್ಗೆ ಬರೆದದ್ದನ್ನೆಲ್ಲ ಗುಡ್ಡೆ ಹಾಕಿ ಎಣಿಸಿದರು. ಬೋಲ್ಶೆವಿಕ್ ಸರ್ಕಾರ ಇನ್ನೇನು ಬಿತ್ತು, ಬಿದ್ದೇಹೋಯಿತು ಅಂತ ಎರಡು ವರ್ಷದಲ್ಲಿ ಆ ಪತ್ರಿಕೆ 91 ಸಲ ಬರೆದಿತ್ತು. ದಿನಾ ಓದುವವನಿಗೆ ಅದು ಒಂದೊಂದು ದಿನದ ಸುದ್ದಿ. 91 ಅಂತ ಒಟ್ಟು ಹಾಕಿದಾಗಲೇ ನಗು ಬರೋದು.

ನಮ್ಮಲ್ಲಿ ಬಿ.ಎನ್. ಉನಿಯಾಲ್. 1996ರಲ್ಲಿ ವಿದೇಶಿ ವರದಿಗಾರರೊಬ್ಬರು ಅವರಿಗೆ ಫೋನ್ ಮಾಡಿ, ಒಬ್ಬ ದಲಿತ ಪತ್ರಕರ್ತರ ಜೊತೆ ಮಾತಾಡಬೇಕಿತ್ತು, ಯಾರಾದರೂ ಇದ್ದಾರಾ ಅಂತ ಕೇಳಿದರು. ಉನಿಯಾಲ್ ಯೋಚಿಸಿದರು, ಒಬ್ಬರೂ ನೆನಪಾಗಲಿಲ್ಲ. ದೆಹಲಿಯಲ್ಲಿ ಸರ್ಕಾರದ ಮಾನ್ಯತೆ ಪಡೆದ 686 ಪತ್ರಕರ್ತರ ಪಟ್ಟಿ ಹಿಡಿದು ಹುಡುಕಿದರು. ಆಗಲೂ ಒಬ್ಬರೂ ಸಿಗಲಿಲ್ಲ. ಮೂವತ್ತು ವರ್ಷ ಈ ವೃತ್ತಿಯಲ್ಲಿದ್ದೂ ಇದು ತನಗೆ ಹೊಳೆದಿರಲಿಲ್ಲವಲ್ಲ ಅನ್ನೋದು ಅವರ ಬರಹದ ಸಂಕಟ. ಓದುವಾಗ ನಮ್ಮ ಡೆಸ್ಕಿನ ಕುರ್ಚಿಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ನೋಡಿಕೊಂಡು ಬಂದೆ. ಮುಂದಕ್ಕೆ ಬರೆಯಲ್ಲ, ನೀವೂ ನಿಮ್ಮ ಆಫೀಸಿನಲ್ಲಿ ಮಾಡಿ ನೋಡಬಹುದು.

ಕಾಕಾ ಹೇಳಿದ ಹಾಗೆ ಅವರನ್ನು ಕೇಳುವ ಕೆಲಸವನ್ನೂ ಮಾಡಿದೆ. ಪ್ರಶ್ನಾವಳಿ, ಐದು ಮೆಟ್ಟಿಲಿನದು. ಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ. ಹಳೇ ಆಫೀಸಿಗೆ ತಗೊಂಡು ಹೋದೆ. ರಾತ್ರಿ 11, ನನ್ನ ಚೀಫ್ ಸಬ್ ಈಗಲೂ ಅದೇ ಕುರ್ಚಿ. ಕಾಗದವನ್ನು ಮುಖಪುಟದ ಡಮ್ಮಿ ಮೇಲೇ ಇಟ್ಟುಕೊಂಡು 40 ಪ್ರಶ್ನೆಗೂ ತಟಸ್ಥಕ್ಕೆ ಟಿಕ್ ಹೊಡೆದರು. ಎರಡು ನಿಮಿಷ ಆಗಿರಲಿಕ್ಕಿಲ್ಲ. "ಪತ್ರಕರ್ತ ತಟಸ್ಥ ಇರಬೇಕಲ್ವಾ?" ಅಂದು ಕಣ್ಣು ಹೊಡೆದರು. ಅದನ್ನು ಅಂಕಿಅಂಶಕ್ಕೆ ಸೇರಿಸಿದೆ, ಬೇರೆ ದಾರಿ ಇರಲಿಲ್ಲ.

ಸ್ಟ್ರಿಂಗರ್‌ಗಳದ್ದು ಬೇರೆ ಥರ. ಅವರಲ್ಲಿ ಬಹಳ ಜನಕ್ಕೆ ಪೂರ್ತಿ ಸಂಬಳ ಅಂತ ಇಲ್ಲ. ಗೌರವಧನ, ಜೊತೆಗೆ ಜಾಹೀರಾತು ತಂದರೆ ಕಮಿಷನ್. ಒಬ್ಬರು ಪ್ರಶ್ನಾವಳಿ ತುಂಬಿ ಕೊಟ್ಟರು, ಜಾಹೀರಾತಿನ ಒತ್ತಡ ಇದೆಯೇ ಅನ್ನುವ ಪ್ರಶ್ನೆಗೆ "ಖಂಡಿತ ಒಪ್ಪುವುದಿಲ್ಲ". ಆಮೇಲೆ ಬಸ್‌ಸ್ಟ್ಯಾಂಡ್ ಎದುರು ಚಹಾದಂಗಡಿಗೆ ಕರೆದುಕೊಂಡು ಹೋದರು. ಮಿರ್ಚಿ ತರಿಸಿದರು. "ಆಗಸ್ಟ್ 15, ರಾಜ್ಯೋತ್ಸವ, ಪೇಪರಿನ ವಾರ್ಷಿಕೋತ್ಸವ. ಟಾರ್ಗೆಟ್ ಇರ್ತದ್ರಿ. 14ನೇ ತಾರೀಕು ಯಾರ ಮುಂದ ಕೈ ಒಡ್ಡಿರ್ತೀನಿ, 16ಕ್ಕ ಅವರ ಮ್ಯಾಲ ಹೆಂಗ್ ಬರೀಲಿ ಅಕ್ಕಾರ?" ಮಿರ್ಚಿ ಮುರಿದು, ಒಳಗಿನ ಬೀಜ ತೆಗೆದು ಪೇಪರ್ ತುಂಡಿನ ಮೇಲೆ ಇಟ್ಟರು. "ಇದನ್ನ ಬರೀಬ್ಯಾಡ್ರಿ ಮತ್ತ." ಆ ಪೇಪರ್ ತುಂಡು ನಮ್ಮದೇ ಜಿಲ್ಲಾ ಪುಟ.

ಬರೆಯಲಿಲ್ಲ. ನನ್ನ ಕೋಷ್ಟಕದಲ್ಲಿ ಅವರು ಇವತ್ತಿಗೂ "ಖಂಡಿತ ಒಪ್ಪುವುದಿಲ್ಲ". ಈಗ ಅವರು ಪೇಪರ್ ಬಿಟ್ಟು ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ, ಬರೆಯಿರಿ ಅಂತ ಫೋನಿನಲ್ಲಿ ಹೇಳಿದ ಮೇಲೆಯೇ ಇಲ್ಲಿ ಬರೆದದ್ದು. ಸುದ್ದಿಮನೆಯಲ್ಲೇ ತಿಂಗಳುಗಟ್ಟಲೆ ಕೂತು, ಚಹಾದಂಗಡಿವರೆಗೂ ಹಿಂದೆ ಹೋಗಿ ಮಾಡುವ ಸಂಶೋಧನೆಯೂ ಇದೆ. ಸಹನಾ ಉಡುಪ ಅವರು ಬೆಂಗಳೂರಿನ ಕನ್ನಡ, ಇಂಗ್ಲಿಷ್ ಪತ್ರಿಕೆಗಳ ಬಗ್ಗೆ ಹಾಗೆ ಮಾಡಿದ್ದಾರೆ, 2015ರಲ್ಲಿ ಪುಸ್ತಕವಾಗಿದೆ. ಹಾವೇರಿಯಂಥ ಜಿಲ್ಲಾ ಪುಟದ ಬಗ್ಗೆ ಯಾರಾದರೂ ಹಾಗೆ ಬರೆದರೆ ನನ್ನ ಅಷ್ಟೂ ಕೋಷ್ಟಕ ಅದಕ್ಕೆ ಅಡಿಟಿಪ್ಪಣಿಯಾದರೂ ಸಾಕು.

ಉಳಿದದ್ದು ಎಲ್ಲ ಪಿಎಚ್‌.ಡಿ.ಗಳ ಕಥೆ. ಆಗಿನ ಯುಜಿಸಿ ನಿಯಮದಂತೆ ಪ್ರಬಂಧ ಕೊಡುವ ಮುಂಚೆ ಒಂದು ಜರ್ನಲ್ ಲೇಖನ, ಎರಡು ಸೆಮಿನಾರ್. ದುಡ್ಡು ಕಟ್ಟಿದರೆ ವಾರದಲ್ಲಿ ಲೇಖನ ಅಚ್ಚು ಹಾಕ್ತೀವಿ ಅಂತ ದಿನಾ ಇಮೇಲ್. ಪೇಯ್ಡ್ ನ್ಯೂಸ್, ಅಂದರೆ ದುಡ್ಡು ತಗೊಂಡು ಸುದ್ದಿಯ ವೇಷದಲ್ಲಿ ಹಾಕೋದು, ಅದರ ಬಗ್ಗೆ ಬರೆದ ಲೇಖನವನ್ನೂ ದುಡ್ಡು ತಗೊಂಡು ಹಾಕುವ ಜರ್ನಲ್ ಒಂದು ಸಿಕ್ಕಿತ್ತು, ಅದರ ಇಮೇಲನ್ನು ಇನ್ನೂ ಅಳಿಸಿಲ್ಲ. 2021ರಲ್ಲಿ ವೈವಾ, ಅಂದರೆ ಮೌಖಿಕ ಪರೀಕ್ಷೆ, ಆಯ್ತು, ಆನ್‌ಲೈನ್. ಇಬ್ಬರು ಬೇರೆ ಬೇರೆ ಎಣಿಸಿದಾಗ ಲೆಕ್ಕ ಎಷ್ಟು ತಾಳೆಯಾಯಿತು ಅಂತ ಪರೀಕ್ಷಕರು ಕೇಳಿದರು. ಮಂಗನ ಬಗ್ಗೆ ಕೇಳಲಿಲ್ಲ. ಪ್ರಬಂಧ ಶೋಧಗಂಗಾಕ್ಕೆ, ಅಂದರೆ ದೇಶದ ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರಕ್ಕೆ, ಹೋಯಿತು. ಹೋಗಿ ಅಲ್ಲೇ ಇದೆ.

ಚೀಫ್ ಸಬ್‌ಗೆ ಪಿಡಿಎಫ್ ಕಳಿಸಿದ್ದೆ. 312 ಪುಟ. ಹತ್ತು ದಿನ ಬಿಟ್ಟು ವಾಟ್ಸ್‌ಆ್ಯಪ್ ಬಂತು: "ಚಲೋ ಅದ. 250 ಪದಕ್ಕ ಇಳಿಸಿ ಕಳಿಸು, ಫೋಟೊ ಹಚ್ಚು. ಸೋಮವಾರ ಜಾಗ ಇರ್ತದ."

ಸೋಮವಾರ. ನಕ್ಕು, ಕೂತು ಬರೆದೆ. 312 ಪುಟವನ್ನು 250 ಪದ ಮಾಡೋದು ನನಗೆ ಅರ್ಧ ಗಂಟೆಯ ಕೆಲಸ, ಆ ಕಲೆ ಮರೆತಿಲ್ಲ. ಹೆಣ್ಣಿನ ಕಾಲಂ ಖಾಲಿ ಇದ್ದದ್ದನ್ನೇ ಇಂಟ್ರೊ ಮಾಡಿದೆ. ಕಾಕಾನ ಕೋಣೆಯ ಫೋಟೊ ಹಚ್ಚಿದೆ.

ಸೋಮವಾರ ಬೆಳಗ್ಗೆ ಪೇಪರ್ ತೆಗೆದೆ. ಜಿಲ್ಲಾ ಮುಖಪುಟದಲ್ಲಿ ಇಲ್ಲ, ಒಳಗೂ ಇಲ್ಲ. ಚೀಫ್ ಸಬ್‌ಗೆ ಫೋನ್ ಮಾಡಿದರೆ ಇನ್ನೂ ನಿದ್ದೆಗಣ್ಣು. "ಏನ್ ಮಾಡೂದವಾ, ರಾತ್ರಿ ಹತ್ತೂವರಿಗೆ ಆ್ಯಡ್ ಬಂತು," ಅಂದರು. ಎರಡನೇ ಪುಟ ತಿರುವಿದೆ. ಟ್ರ್ಯಾಕ್ಟರ್ ಕಂಪನಿಯದು, ಹಬ್ಬದ ಆಫರ್. ಮಗಳ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲ್ ತಂದು ಅಳೆದೆ. 3 ಕಾಲಂ, 16 ಸೆಂಟಿಮೀಟರ್.